ರೆಕಾರ್ಡರ್‌ನಲ್ಲಿ 8 ಟ್ರ್ಯಾಕ್ ಇದೆ, ಕಂಪ್ಯೂಟರ್‌ನಲ್ಲಿ ಒಂದೂ ಕಾಣೋದಿಲ್ಲ. ಏನು ಮಾಡಲಿ?

ಪ್ರಶ್ನೆ: ನಾವು ಸಾಗರದ ಕಡೆಯವರು. ಮಳೆಗಾಲದಲ್ಲಿ ನಮ್ಮಲ್ಲಿ ತಾಳಮದ್ದಳೆ ಕೂಟಗಳು ಜಾಸ್ತಿ. ರೆಕಾರ್ಡ್ ಮಾಡೋಣ ಅಂತ ಟಾಸ್ಕಾಮ್ ಡಿಪಿ-24ಎಸ್‌ಡಿ ರೆಕಾರ್ಡರ್ ತಗೊಂಡಿದ್ದೇವೆ. ಭಾಗವತರು, ಮದ್ದಳೆ, ಚೆಂಡೆ, ಶ್ರುತಿಗೆ ಒಂದೊಂದು ಮೈಕ್, ಮಾತಾಡುವ ನಾಲ್ಕು ಅರ್ಥಧಾರಿಗಳಿಗೆ ನಾಲ್ಕು. ಒಟ್ಟು 8 ಟ್ರ್ಯಾಕ್. ಮಷಿನ್‌ನಲ್ಲಿ ಎಲ್ಲವೂ ಚೆನ್ನಾಗಿ ಕೇಳುತ್ತದೆ. ಯುಎಸ್‌ಬಿ ಹಾಕಿದರೆ ಕಂಪ್ಯೂಟರ್‌ನಲ್ಲಿ ಒಂದೆರಡು ಖಾಲಿ ಫೋಲ್ಡರ್ ಬಿಟ್ಟು ಏನೂ ಇಲ್ಲ. ಕಂಪ್ಯೂಟರ್‌ನಲ್ಲಿ ಮಾಡಿದ ತಂಬೂರಿಯ ಫೈಲನ್ನು ಮಷಿನ್‌ಗೆ ಹಾಕಿದರೆ ಅದು ಪಟ್ಟಿಯಲ್ಲೇ ಬರುವುದಿಲ್ಲ. ಮೊಬೈಲ್‌ನಲ್ಲಿ ತೆಗೆದ ವಿಡಿಯೋಗೆ ಈ ಧ್ವನಿ ಜೋಡಿಸಿದರೆ ಕೊನೆಕೊನೆಗೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಅಟ್ಟದ ಮೇಲೆ ಚಿಕ್ಕಪ್ಪನ ಹಳೆಯ ರೆಕಾರ್ಡರ್ ರೋಲ್ಯಾಂಡ್ ವಿಎಸ್-880 ಕೂಡ ಇದೆ. ಅದರಲ್ಲಿರುವ ಹಾಡುಗಳನ್ನು ಉಳಿಸಬಹುದೇ?

ಉತ್ತರ:

ಮೊದಲು ಸಮಾಧಾನದ ಮಾತು. ನಿಮ್ಮ ರೆಕಾರ್ಡಿಂಗ್ ಎಲ್ಲೂ ಹೋಗಿಲ್ಲ. ಕಾರ್ಡ್‌ನಲ್ಲೇ ಇದೆ. ಕಂಪ್ಯೂಟರ್‌ಗೆ ಕಾಣುವ ಜಾಗದಲ್ಲಿ ಇಲ್ಲ, ಅಷ್ಟೇ.

ಡಿಪಿ-24ಎಸ್‌ಡಿ ತನ್ನ ಎಸ್‌ಡಿ ಕಾರ್ಡನ್ನು ಎರಡು ಭಾಗ ಮಾಡಿಕೊಳ್ಳುತ್ತದೆ. ಒಂದಕ್ಕೆ ಎಂಟಿಆರ್ ಭಾಗ ಅಂತ ಹೆಸರು, ಇನ್ನೊಂದಕ್ಕೆ ಫ್ಯಾಟ್ ಭಾಗ. ನೀವು ರೆಕಾರ್ಡ್ ಬಟನ್ ಒತ್ತಿದಾಗ ಧ್ವನಿ ಹೋಗಿ ಕೂರುವುದು ಎಂಟಿಆರ್ ಭಾಗದಲ್ಲಿ. ಅದು ಮಷಿನ್‌ನ ಒಳಮನೆ. ಅಲ್ಲಿನ ಲೆಕ್ಕ ಮಷಿನ್‌ಗೆ ಮಾತ್ರ ಗೊತ್ತು. ಫ್ಯಾಟ್ ಭಾಗ ಜಗಲಿ ಇದ್ದಂತೆ. ಯುಎಸ್‌ಬಿ ಹಾಕಿದಾಗ ಕಂಪ್ಯೂಟರ್ ಬಂದು ಕೂರುವುದು ಜಗಲಿಯಲ್ಲಿ. ಒಳಮನೆಯ ಸಾಮಾನು ಅದಕ್ಕೆ ಕಾಣಬೇಕಾದರೆ ನೀವೇ ಹೊರಗೆ ತಂದಿಡಬೇಕು. ಆ ಕೆಲಸಕ್ಕೇ ಎಕ್ಸ್‌ಪೋರ್ಟ್ ಅನ್ನುವುದು.

ಮೆನುವಿನಲ್ಲಿ ಆಡಿಯೋ ಡಿಪೋ ಅಂತ ಇದೆ, ನೋಡಿ. ನಿಮ್ಮ ಒಂದೊಂದು ರೆಕಾರ್ಡಿಂಗನ್ನೂ ಮಷಿನ್ ‘ಸಾಂಗ್’, ಅಂದರೆ ಹಾಡು, ಅನ್ನುತ್ತದೆ. ಆ ಹಾಡನ್ನು ಲೋಡ್ ಮಾಡಿ, ಆಡಿಯೋ ಡಿಪೋಗೆ ಹೋಗಿ, ಟ್ರ್ಯಾಕ್ ಎಕ್ಸ್‌ಪೋರ್ಟ್ ಆರಿಸಿ. ಪ್ರತಿ ಟ್ರ್ಯಾಕ್ ಒಂದು ವೇವ್ ಫೈಲ್ ಆಗಿ ಫ್ಯಾಟ್ ಭಾಗದ ಆಡಿಯೋಡಿಪೋ ಫೋಲ್ಡರ್‌ಗೆ ಬರುತ್ತದೆ. ನೀವು ನೋಡಿದ ಖಾಲಿ ಫೋಲ್ಡರ್‌ಗಳಲ್ಲಿ ಅದೂ ಒಂದು. ಆಮೇಲೆ ಯುಎಸ್‌ಬಿ ಹಾಕಿ, ಫೈಲ್‌ಗಳನ್ನು ಕಾಪಿ ಮಾಡಿ. ವೈರ್ ಕೀಳುವ ಮುಂಚೆ ಕಂಪ್ಯೂಟರ್‌ನಲ್ಲಿ ಇಜೆಕ್ಟ್ ಕೊಡಿ. ಇದೊಂದು ಹೆಜ್ಜೆಯನ್ನು ಎಲ್ಲರೂ ಹಾರಿಸುತ್ತಾರೆ. ಹತ್ತು ಸಲ ಏನೂ ಆಗುವುದಿಲ್ಲ, ಹನ್ನೊಂದನೇ ಸಲ ಕಾರ್ಡ್ ಕೈಕೊಡುತ್ತದೆ.

ಇಲ್ಲಿ ಜಾಗದ ಲೆಕ್ಕ ಹಾಕಿಕೊಳ್ಳಲೇಬೇಕು. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ (ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಧ್ವನಿಯ ಅಳತೆ, ಒಂದೊಂದಕ್ಕೂ 24 ಬಿಟ್) ಒಂದು ಮೋನೋ ಟ್ರ್ಯಾಕ್ ಸೆಕೆಂಡಿಗೆ 1,44,000 ಬೈಟ್ ತಿನ್ನುತ್ತದೆ. ಗಂಟೆಗೆ ಸುಮಾರು 518 ಎಂಬಿ. 8 ಟ್ರ್ಯಾಕ್, 3 ಗಂಟೆಯ ಕೂಟ ಅಂದರೆ ಹನ್ನೆರಡೂವರೆ ಜಿಬಿ ಹತ್ತಿರ. ಎಕ್ಸ್‌ಪೋರ್ಟ್ ಅಂದರೆ ಮತ್ತೊಂದು ಪ್ರತಿ. ಹಾಗಾಗಿ ಫ್ಯಾಟ್ ಭಾಗದಲ್ಲೂ ಅಷ್ಟೇ ಜಾಗ ಖಾಲಿ ಇರಬೇಕು. ಈ ಮಷಿನ್‌ಗೆ 32 ಜಿಬಿಗಿಂತ ದೊಡ್ಡ ಕಾರ್ಡ್ ಹಿಡಿಸುವುದಿಲ್ಲ. ಒಂದೇ ಕಾರ್ಡ್‌ನಲ್ಲಿ ಎರಡು ಕೂಟ ಇಟ್ಟುಕೊಂಡು ಎಕ್ಸ್‌ಪೋರ್ಟ್‌ಗೆ ಹೋದರೆ ಜಾಗ ಸಾಲುವುದಿಲ್ಲ. ಆಗ ಎರಡೆರಡು ಟ್ರ್ಯಾಕ್ ಹೊರತೆಗೆದು, ಕಂಪ್ಯೂಟರ್‌ಗೆ ಹಾಕಿ, ಆಡಿಯೋಡಿಪೋ ಖಾಲಿ ಮಾಡಿ, ಮತ್ತೆ ಎರಡು. ಬೇಜಾರಿನ ಕೆಲಸ. ಕೂಟಕ್ಕೊಂದು ಕಾರ್ಡ್ ಇಟ್ಟುಕೊಳ್ಳುವುದು ಎಷ್ಟೋ ಮೇಲು. ಎಕ್ಸ್‌ಪೋರ್ಟ್‌ಗೆ ಹೊತ್ತು ಹಿಡಿಯುತ್ತದೆ. ಮಲೆನಾಡಿನ ಮಳೆಗಾಲ, ಕರೆಂಟಿನ ಭರವಸೆ ಇಲ್ಲ ಅಲ್ವಾ? ಆ ಹೊತ್ತಿನಲ್ಲಿ ಮಷಿನ್ ಯುಪಿಎಸ್ ಮೇಲಿರಲಿ.

ಕಾರ್ಡನ್ನು ತೆಗೆದು ನೇರವಾಗಿ ಕಂಪ್ಯೂಟರ್‌ಗೆ ಹಾಕಿದರೆ ಬೇಗ ಆಗುತ್ತದೆ ಅಂತ ಕೆಲವರು ಹೇಳುತ್ತಾರೆ. ಕಂಪ್ಯೂಟರ್‌ಗೆ ಅರ್ಥವಾಗದ ಕಾರ್ಡ್ ಸಿಕ್ಕಾಗ ಅದು ‘ಫಾರ್ಮ್ಯಾಟ್ ಮಾಡಲೇ?’ ಅಂತ ತುಂಬಾ ವಿನಯದಿಂದ ಕೇಳುತ್ತದೆ. ಒಂದು ಸಲ ಹೌದು ಅಂದರೆ ಕೂಟ ಹೋಯಿತು. ನಿಮ್ಮ ಮಷಿನ್‌ನಂಥದ್ದಕ್ಕೆ ಯುಎಸ್‌ಬಿ ವೈರೇ ಇರಲಿ. ಕಾರ್ಡ್ ಫಾರ್ಮ್ಯಾಟ್ ಮಾಡುವುದಿದ್ದರೂ ಮಷಿನ್‌ನಲ್ಲೇ ಮಾಡಿ.

ಕಂಪ್ಯೂಟರ್‌ನಲ್ಲಿ ತೆರೆದ ತಕ್ಷಣ ನಿಮಗೆ ಅನ್ನಿಸುವುದು: ‘ಅಯ್ಯೋ, ಮಷಿನ್‌ನಲ್ಲಿ ಇದ್ದ ಕಳೆ ಇಲ್ಲವಲ್ಲ!’ ಹೌದು, ಇರುವುದಿಲ್ಲ. ಎಕ್ಸ್‌ಪೋರ್ಟ್ ಆಗಿ ಬರುವುದು ಹಸಿ ಟ್ರ್ಯಾಕ್. ನೀವು ಇಟ್ಟ ಫೇಡರ್‌ನ ಧ್ವನಿ ಮಟ್ಟ, ಎಡ-ಬಲ, ರಿವರ್ಬ್‌ನ ಗುಂಗು ಯಾವುದೂ ಅದರ ಜೊತೆ ಬರುವುದಿಲ್ಲ. ಆ ಮಿಕ್ಸ್ ನಿಮಗೆ ಇಷ್ಟವಾಗಿದ್ದರೆ ಮಷಿನ್‌ನಲ್ಲೇ ಒಂದು ಸ್ಟೀರಿಯೋ ಮಾಸ್ಟರ್ ಮಾಡಿ ಅದನ್ನೂ ತನ್ನಿ. ಹೊಸ ಮಿಕ್ಸ್ ಮಾಡುವಾಗ ಪಕ್ಕದಲ್ಲಿ ಇಟ್ಟು ಕೇಳಿಕೊಳ್ಳಲು ಆಗುತ್ತದೆ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಧ್ವನಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವುದು ಸುಲಭ, ಅದು ಬರೀ ಕಾಪಿ. ಒಂದು ಟ್ರ್ಯಾಕ್ ಇನ್ನೊಂದರ ಪಕ್ಕ ಯಾವ ಜಾಗದಲ್ಲಿ ಕೂತಿತ್ತೋ ಆ ಜಾಗವನ್ನು ಒಯ್ಯುವುದೇ ಕಷ್ಟ. ಮದ್ದಳೆಯ ಫೈಲ್‌ಗೆ ತಾನು ಭಾಗವತರ ಪದ್ಯದ ಎಷ್ಟನೇ ಸೆಕೆಂಡಿಗೆ ಶುರುವಾದೆ ಅನ್ನುವುದು ತಾನಾಗಿ ಗೊತ್ತಿರುವುದಿಲ್ಲ. ಕೆಲವು ಫೀಲ್ಡ್ ರೆಕಾರ್ಡರ್‌ಗಳು ವೇವ್ ಫೈಲ್ ಒಳಗೇ ಹೊತ್ತಿನ ಗುರುತು ಬರೆದಿಡುತ್ತವೆ. ಬ್ರಾಡ್‌ಕಾಸ್ಟ್ ವೇವ್ ಅನ್ನುವುದು ಅದನ್ನೇ. ರೀಪರ್‌ನಂಥ ಸಾಫ್ಟ್‌ವೇರ್ ಆ ಗುರುತು ಓದಿ ಫೈಲನ್ನು ಅದರ ಜಾಗದಲ್ಲೇ ಕೂರಿಸಬಲ್ಲದು. ಗುರುತು ಇಲ್ಲದ ಕಡೆ ಒಂದೇ ದಾರಿ: ಎಲ್ಲಾ ಫೈಲ್‌ಗಳೂ ಒಂದೇ ಸೊನ್ನೆಯಿಂದ ಶುರುವಾಗಬೇಕು.

ಡಿಪಿ-24ಎಸ್‌ಡಿ ಎಕ್ಸ್‌ಪೋರ್ಟ್ ಮಾಡುವಾಗ ಹಾಡಿನ ಸೊನ್ನೆಯಿಂದಲೇ ತೆಗೆದುಕೊಡುತ್ತದೆ. ನಾಲ್ಕನೇ ಅರ್ಥಧಾರಿ ಬಂದದ್ದು ಅರ್ಧ ಗಂಟೆ ತಡವಾಗಿ, ಅವರ ಮೈಕ್ ರೆಕಾರ್ಡ್‌ಗೆ ಹಾಕಿದ್ದೂ ಆಗಲೇ ಅನ್ನಿ. ಆ ಅರ್ಧ ಗಂಟೆಯ ಮೌನವೂ ಫೈಲ್‌ನಲ್ಲಿ ಬರುತ್ತದೆ. ಅದನ್ನು ನೋಡಿ ‘ಸುಮ್ನೆ ಜಾಗ ದಂಡ’ ಅಂತ ಶುರುವಿನ ಖಾಲಿ ಭಾಗ ಕತ್ತರಿಸಬೇಡಿ. ಆ ಮೌನವೇ ಅಳತೆಗೋಲು. ರೀಪರ್ ಆದರೆ ಕರ್ಸರ್ ಅನ್ನು ಸೊನ್ನೆಗೆ ಇಟ್ಟು, ಎಂಟೂ ಫೈಲ್ ಒಟ್ಟಿಗೆ ಆರಿಸಿ ಹಾಕಿ. ಬೇರೆಬೇರೆ ಟ್ರ್ಯಾಕ್‌ಗೆ ಹಾಕಲೇ ಅಂತ ಕೇಳುತ್ತದೆ, ಹೌದು ಅನ್ನಿ. ಆಡಾಸಿಟಿ ಅನ್ನುವ ಸಾಫ್ಟ್‌ವೇರ್‌ನಲ್ಲೂ ಒಟ್ಟಿಗೆ ಎಳೆದು ಬಿಟ್ಟರೆ ಒಂದರ ಕೆಳಗೆ ಒಂದು ಬಂದು ಕೂರುತ್ತವೆ.

ಇಷ್ಟಾದರೂ ನಾನು ಯಾವ ಮಷಿನ್‌ನನ್ನೂ ಪೂರ್ತಿ ನಂಬುವುದಿಲ್ಲ. ರೆಕಾರ್ಡ್ ಒತ್ತಿದ ಮೇಲೆ, ಶುರುವಾಗುವ ಮುಂಚೆ, ಭಾಗವತರಿಗೆ ಹೇಳಿ ತಾಳವನ್ನು ಒಂದೇ ಒಂದು ಸಲ ಗಟ್ಟಿಯಾಗಿ ಹೊಡೆಸಿಕೊಳ್ಳುತ್ತೇನೆ. ಎಂಟೂ ಮೈಕ್‌ಗೆ ಅದು ಕೇಳುತ್ತದೆ. ಕಂಪ್ಯೂಟರ್‌ನಲ್ಲಿ ತೆರೆದಾಗ ಎಂಟೂ ಟ್ರ್ಯಾಕ್‌ನಲ್ಲಿ ಒಂದು ಮುಳ್ಳು ಎದ್ದು ನಿಂತಿರುತ್ತದೆ. ಮುಳ್ಳುಗಳು ಮೇಲಿಂದ ಕೆಳಗೆ ಒಂದೇ ಸಾಲಿಗೆ ಬಂದರೆ ನಿಶ್ಚಿಂತೆ.

ಒಂದೇ ಸಾಲು ಅಂದೆ. ಜೂಮ್ ಮಾಡಿ ನೋಡಿದರೆ ಕೂದಲೆಳೆಯಷ್ಟು ಹಿಂದೆಮುಂದೆ ಇರುತ್ತದೆ. ಭಾಗವತರಿಂದ ಚೆಂಡೆಯ ಮೈಕ್ 3 ಮೀಟರ್ ದೂರ ಇದ್ದರೆ ತಾಳದ ಸದ್ದು ಅಲ್ಲಿಗೆ ಮುಟ್ಟಲು ಸುಮಾರು 9 ಮಿಲಿಸೆಕೆಂಡ್ ಬೇಕು. ಗಾಳಿಯಲ್ಲಿ ಶಬ್ದದ ವೇಗವೇ ಅಷ್ಟು. ಕೆಲವರು ಇದನ್ನು ತಪ್ಪು ಅಂದುಕೊಂಡು ಒಂದೊಂದು ಟ್ರ್ಯಾಕನ್ನೂ ಎಳೆದು ಮುಳ್ಳಿಗೆ ಮುಳ್ಳು ಕೂಡಿಸುತ್ತಾರೆ. ದಯವಿಟ್ಟು ಬೇಡ. ಹಾಗೆ ಮಾಡಿದರೆ ತಾಳದ ಸದ್ದು ಸೇರುತ್ತದೆ, ಚೆಂಡೆಯ ಪೆಟ್ಟು ತಾನಿದ್ದ ಜಾಗ ಬಿಟ್ಟು 9 ಮಿಲಿಸೆಕೆಂಡ್ ಮುಂಚೆ ಬೀಳುತ್ತದೆ. ಒಂದೇ ಮಷಿನ್‌ನಲ್ಲಿ ಒಟ್ಟಿಗೆ ರೆಕಾರ್ಡ್ ಆದ ಟ್ರ್ಯಾಕ್‌ಗಳನ್ನು ಸರಿಸುವುದಾದರೆ ಎಂಟನ್ನೂ ಗುಂಪು ಕಟ್ಟಿ ಒಟ್ಟಿಗೇ ಸರಿಸಿ.

ಇನ್ನು ತಂಬೂರಿಯ ಫೈಲ್. ಕಂಪ್ಯೂಟರ್‌ನಿಂದ ಮಷಿನ್‌ಗೆ ಹೋಗುವ ದಾರಿ ಇನ್ನೂ ಇಕ್ಕಟ್ಟು. ಕಂಪ್ಯೂಟರ್ ಎಂಥ ಫೈಲನ್ನಾದರೂ ನುಂಗುತ್ತದೆ. ಮಷಿನ್‌ಗೆ ಹತ್ತು ಮಡಿ-ಮೈಲಿಗೆ. ನಿಮ್ಮ ಫೈಲ್ ಎಂಪಿ3 ಆಗಿದ್ದರೆ ಅಲ್ಲಿಗೇ ಮುಗಿಯಿತು, ವೇವ್ ಮಾತ್ರ ಬೇಕು. ಮಷಿನ್‌ನಲ್ಲಿ ಹಾಡು 48 ಕಿಲೋಹರ್ಟ್ಸ್‌ನಲ್ಲಿದ್ದರೆ ಫೈಲೂ 48. ಹಾಡು 44.1 ಇದ್ದರೆ ಅದೂ 44.1. ಬಿಟ್ ಕೂಡ ಹಾಗೇ, 16ಕ್ಕೆ 16, 24ಕ್ಕೆ 24. ಆಡಾಸಿಟಿ ಒಳಗೊಳಗೆ 32 ಬಿಟ್ ಫ್ಲೋಟ್‌ನಲ್ಲಿ ಕೆಲಸ ಮಾಡುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಅದನ್ನೇ ಆರಿಸಿಬಿಟ್ಟರೆ ಈ ಮಷಿನ್ ಅದನ್ನು ಒಪ್ಪುವುದಿಲ್ಲ. 24 ಬಿಟ್ ಪಿಸಿಎಂ ಅಂತ ಆರಿಸಿ. ಡಿಪಿ-24ಎಸ್‌ಡಿಯಲ್ಲಿ 1ರಿಂದ 12ರವರೆಗಿನ ಟ್ರ್ಯಾಕ್‌ಗಳು ಮೋನೋ, 13/14ರಿಂದ 23/24ರವರೆಗಿನ ಆರು ಜೋಡಿ ಸ್ಟೀರಿಯೋ. ತಂಬೂರಿಯನ್ನು 9ನೇ ಟ್ರ್ಯಾಕ್‌ಗೆ ಹಾಕುವ ಆಸೆ ಇದ್ದರೆ ಮೋನೋ ಮಾಡಿಕೊಳ್ಳಿ. ಫೈಲನ್ನು ಆಡಿಯೋಡಿಪೋ ಫೋಲ್ಡರ್ ಒಳಗೇ ಇಡಿ, ಹೊರಗಿಟ್ಟರೆ ಕಾಣುವುದಿಲ್ಲ.

ಹೆಸರಿನ ಬಗ್ಗೆಯೂ ಒಂದು ಮಾತು. ‘ತಂಬೂರಿ ಹೊಸದು’ ಅಂತ ಕನ್ನಡದಲ್ಲಿ ಹೆಸರಿಟ್ಟರೆ ಈ ಮಷಿನ್‌ಗಳಿಗೆ ಓದಲು ಬರುವುದಿಲ್ಲ. ನಮ್ಮ ಭಾಷೆಯ ಅಭಿಮಾನ ಇಲ್ಲಿ ಸ್ವಲ್ಪ ಬದಿಗಿಟ್ಟು ಇಂಗ್ಲಿಷ್ ಅಕ್ಷರದ ಪುಟ್ಟ ಹೆಸರು ಕೊಡಿ. ಮ್ಯಾಕ್ ಕಂಪ್ಯೂಟರ್ ಬಳಸುವವರಿಗೆ ಇನ್ನೊಂದು ಕಿರಿಕಿರಿ ಇದೆ. ಮ್ಯಾಕ್ ಇಂಥ ಕಾರ್ಡ್‌ಗೆ ಫೈಲ್ ಕಾಪಿ ಮಾಡುವಾಗ ಚುಕ್ಕೆಯಿಂದ ಶುರುವಾಗುವ ಹೆಸರಿನ ಒಂದು ಪುಟಾಣಿ ಫೈಲನ್ನೂ ಪಕ್ಕದಲ್ಲಿ ಬಿಟ್ಟು ಹೋಗುತ್ತದೆ. ಮಷಿನ್ ಪಟ್ಟಿಯಲ್ಲಿ ಒಂದೇ ಫೈಲ್ ಎರಡು ಸಲ ಕಂಡರೆ, ಒಂದು ತೆರೆಯದೇ ಇದ್ದರೆ ಗಾಬರಿ ಬೇಡ. ಅದು ಆ ಕಸ.

ಸ್ಯಾಂಪಲ್ ರೇಟ್ ಹೊಂದದಿದ್ದರೆ ನಿಮ್ಮ ಮಷಿನ್ ಫೈಲನ್ನು ಒಪ್ಪುವುದಿಲ್ಲ ಅನ್ನುವುದು ನಿಮ್ಮ ಪುಣ್ಯ. ಒಪ್ಪಿಕೊಂಡರೆ ಏನಾಗುತ್ತದೆ ಅಂತ ನಾನು ಒಂದು ಸಲ ಕಂಡಿದ್ದೇನೆ. ಆಗ ನನ್ನ ಹತ್ತಿರ ಇದ್ದದ್ದು ಬೇರೆ ಯಾವುದೋ ಹಳೆಯ ಮಷಿನ್. ಹಾಡು 44.1ರಲ್ಲಿತ್ತು. ನಾನು ಕಂಪ್ಯೂಟರ್‌ನಲ್ಲಿ 10 ನಿಮಿಷದ ತಂಬೂರಿ ಮಾಡಿ, 48ರಲ್ಲಿ ಉಳಿಸಿ, ಅದಕ್ಕೆ ಕೊಟ್ಟೆ. ಮಷಿನ್ ಒಂದು ಮಾತೂ ಆಡದೆ ತಗೊಂಡಿತು. ಭಾಗವತರು ಹೆಡ್‌ಫೋನ್ ಹಾಕಿಕೊಂಡು ಕೂತರು. ಅವರದು ಹಾರ್ಮೋನಿಯಂನ ಕಪ್ಪು ಎರಡರ ಶ್ರುತಿ. ಒಂದು ಸಾಲು ಎತ್ತಿದರು, ನಿಲ್ಲಿಸಿದರು. ಮತ್ತೆ ಎತ್ತಿದರು. ‘ಗಂಟಲು ಕೂರ್ತಾ ಇಲ್ಲ’ ಅಂದರು. ಥಂಡಿ ಇರಬೇಕು ಅಂತ ಬಿಸಿನೀರು ತರಿಸಿದೆವು. ಕೊನೆಗೆ ಅವರೇ ಹಾರ್ಮೋನಿಯಂ ಎಳೆದುಕೊಂಡು ತಂಬೂರಿಯ ಷಡ್ಜ ಹುಡುಕಿದರು. ಬಿಳಿ ಎರಡು ಒತ್ತಿದರೆ ತಂಬೂರಿ ಅದಕ್ಕಿಂತ ಕೆಳಗೆ. ಕಪ್ಪು ಒಂದು ಒತ್ತಿದರೆ ತಂಬೂರಿ ಅದಕ್ಕಿಂತ ಮೇಲೆ. ‘ನಿಮ್ಮ ತಂಬೂರಿ ಎರಡು ಮನೆಯ ನಡುವಿನ ಗೋಡೆ ಮೇಲೆ ಕೂತಿದೆ’ ಅಂದು ನಕ್ಕರು.

ಲೆಕ್ಕ ಹಾಕಿದರೆ ಸರಿಯಾಗೇ ಇತ್ತು. ಸೆಕೆಂಡಿಗೆ 48,000 ಸ್ಯಾಂಪಲ್ ಇದ್ದದ್ದನ್ನು ಮಷಿನ್ ಸೆಕೆಂಡಿಗೆ 44,100ರಂತೆ ಓದಿದೆ. ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಕೆಳಗಿಳಿಯಿತು. ಕಪ್ಪು ಎರಡರಿಂದ ಒಂದೂವರೆ ಮನೆ ಕೆಳಗೆ ಅಂದರೆ ಬಿಳಿ ಎರಡಕ್ಕೂ ಕಪ್ಪು ಒಂದಕ್ಕೂ ನಡುವೆ. 10 ನಿಮಿಷದ ಫೈಲ್ 10 ನಿಮಿಷ 53 ಸೆಕೆಂಡ್ ಆಗಿತ್ತು, ನಾನು ನೋಡಿರಲಿಲ್ಲ. ಅಂದಿನಿಂದ ಯಾವ ಫೈಲ್ ಎಲ್ಲಿಗೇ ಹಾಕಿದರೂ ಮೊದಲು ಉದ್ದ ನೋಡುತ್ತೇನೆ. ಎರಡೂ ಕಡೆ ನಿಮಿಷ-ಸೆಕೆಂಡ್ ಒಂದೇ ಇದ್ದರೆ ಶ್ರುತಿಯೂ ಸರಿ ಇರುತ್ತದೆ.

ಫೈಲ್ ವಾಪಸ್ ಕಳಿಸುವಾಗಲೂ ಸೊನ್ನೆಯ ನಿಯಮವೇ. ಕೂಟದ 1 ಗಂಟೆ 20ನೇ ನಿಮಿಷದಲ್ಲಿ ಒಂದು ಪದ್ಯವನ್ನು ಕಂಪ್ಯೂಟರ್‌ನಲ್ಲಿ ರಿಪೇರಿ ಮಾಡಿದ್ದೀರಿ ಅನ್ನಿ. ಆ ತುಂಡನ್ನು ಮಾತ್ರ ಕಳಿಸಿದರೆ ಮಷಿನ್‌ನಲ್ಲಿ ಅದನ್ನು ಜಾಗಕ್ಕೆ ಕೂರಿಸಲು ಒದ್ದಾಡಬೇಕು. ಸೊನ್ನೆಯಿಂದ ಆ ಪದ್ಯದ ಕೊನೆಯವರೆಗೆ, ಶುರುವಿನ ಮೌನ ಸಮೇತ, ಒಂದೇ ಫೈಲ್ ಮಾಡಿ ಕಳಿಸಿ. ಅದನ್ನು ಹಾಡಿನ ಶುರುವಿಗೆ ಹಾಕಿದರೆ ಪದ್ಯ ತನ್ನ ಜಾಗದಲ್ಲೇ ಇರುತ್ತದೆ.

ವಿಡಿಯೋ ವಿಷಯ ಬೇರೆ ಥರದ್ದು. ಇಲ್ಲಿ ಯಾರ ತಪ್ಪೂ ಇಲ್ಲ. ರೆಕಾರ್ಡರ್ ಒಳಗೊಂದು ಗಡಿಯಾರ ಇದೆ, ಮೊಬೈಲ್ ಒಳಗೊಂದು. ಎರಡೂ ‘48,000’ ಅಂತಲೇ ಎಣಿಸುತ್ತವೆ, ಆದರೆ ಒಬ್ಬರ ಸೆಕೆಂಡ್ ಇನ್ನೊಬ್ಬರ ಸೆಕೆಂಡಿಗಿಂತ ಒಂದು ಚೂರು ಉದ್ದ. 10 ಲಕ್ಷಕ್ಕೆ 20 ಭಾಗದಷ್ಟು ವ್ಯತ್ಯಾಸ ಇಂಥ ಉಪಕರಣಗಳಲ್ಲಿ ಮಾಮೂಲಿ. ಅಷ್ಟಿದ್ದರೂ 3 ಗಂಟೆಗೆ 0.2 ಸೆಕೆಂಡ್ ದಾಟುತ್ತದೆ. ತುಟಿಗೂ ಮಾತಿಗೂ ಹೊಂದಿಲ್ಲ ಅಂತ ಯಾರಿಗಾದರೂ ಗೊತ್ತಾಗುವಷ್ಟು.

ಮಾಡುವುದು ಹೀಗೆ. ಮೊದಲು 8 ಟ್ರ್ಯಾಕ್‌ನ ಮಿಕ್ಸ್ ಮುಗಿಸಿ ಒಂದು ಸ್ಟೀರಿಯೋ ಫೈಲ್ ಮಾಡಿ. ಎಂಟನ್ನೂ ಬೇರೆಬೇರೆ ಎಳೆಯಲು ಹೋಗಬೇಡಿ. ಶುರುವಿನ ತಾಳದ ಪೆಟ್ಟನ್ನು ವಿಡಿಯೋದ ಪೆಟ್ಟಿಗೆ ಕೂಡಿಸಿ. ಕೊನೆಯಲ್ಲಿ, ಮಂಗಳ ಮುಗಿದ ಮೇಲೆ, ಇನ್ನೊಂದು ಪೆಟ್ಟು ಹೊಡೆಸಿಕೊಂಡಿದ್ದರೆ ಅದನ್ನೂ ನೋಡಿ. ಅಲ್ಲಿ ಎಷ್ಟು ಜಾರಿದೆಯೋ ಅಷ್ಟು ಹಿಗ್ಗಿಸಿ ಅಥವಾ ಕುಗ್ಗಿಸಿ. ರೀಪರ್‌ನಲ್ಲಿ ಆಲ್ಟ್ ಒತ್ತಿ ಫೈಲ್‌ನ ಬಲ ಅಂಚನ್ನು ಎಳೆದರೆ ಆಯಿತು. ಶ್ರುತಿ ಕಾಪಾಡುವ ಆಯ್ಕೆಯನ್ನು ಆಫ್ ಮಾಡಿ. ಇಷ್ಟು ಸಣ್ಣ ಬದಲಾವಣೆಗೆ ಶ್ರುತಿ ವ್ಯತ್ಯಾಸ ಯಾರ ಕಿವಿಗೂ ಸಿಗುವುದಿಲ್ಲ. ಆ ಆಯ್ಕೆ ಆನ್ ಇದ್ದರೆ ಮಾತ್ರ ಚೆಂಡೆಯ ಪೆಟ್ಟು ಮೆತ್ತಗಾದೀತು.

ಅಟ್ಟದ ರೋಲ್ಯಾಂಡ್ ಕಥೆ ನನಗೆ ಇಷ್ಟವಾಯಿತು. ವಿಎಸ್-880 ಬಂದದ್ದು 1996ರಲ್ಲಿ. ಆ ಕಾಲದಲ್ಲಿ ಸ್ಟುಡಿಯೋಗಳಲ್ಲಿ ನಡೆಯುತ್ತಿದ್ದದ್ದು ಅಲೆಸಿಸ್ ಕಂಪನಿಯ ಅಡಾಟ್. ಅದರಲ್ಲಿ 8 ಟ್ರ್ಯಾಕ್ ಡಿಜಿಟಲ್ ಧ್ವನಿ ಎಸ್-ವಿಎಚ್‌ಎಸ್ ವಿಡಿಯೋ ಕ್ಯಾಸೆಟ್ ಮೇಲೆ ಕೂರುತ್ತಿತ್ತು. ಆ ಕ್ಯಾಸೆಟ್ ಕಾಲ ಮುಗಿದು ಹೋದರೂ ಅದರ 8 ಚಾನೆಲ್‌ನ ಬೆಳಕಿನ ತಂತಿಯ ಕಿಂಡಿ ಕಂಪ್ಯೂಟರ್‌ಗೆ ಧ್ವನಿ ತಲುಪಿಸುವ ಇವತ್ತಿನ ಹೊಸ ಆಡಿಯೋ ಇಂಟರ್‌ಫೇಸ್‌ಗಳಲ್ಲೂ ಇದೆ, ಅದೇ ಹೆಸರಿನಲ್ಲಿ. ವಿಎಸ್-880ರಲ್ಲಿ ಕ್ಯಾಸೆಟ್ ಹೋಗಿ ಹಾರ್ಡ್ ಡಿಸ್ಕ್ ಬಂತು. ಡಿಸ್ಕ್ ಬಿಚ್ಚಿ ಕಂಪ್ಯೂಟರ್‌ಗೆ ಹಾಕಿದರೆ ಅದು ಸುಮ್ಮನೆ ಓದಿಬಿಡುವುದಿಲ್ಲ. ರೋಲ್ಯಾಂಡ್ ತನ್ನದೇ ಲೆಕ್ಕದಲ್ಲಿ, ತನ್ನದೇ ಕಂಪ್ರೆಷನ್‌ನಲ್ಲಿ ಧ್ವನಿ ಇಟ್ಟಿರುತ್ತದೆ.

ಹಾಗಾಗಿ ಅದನ್ನು ಓಡಿಸಿ ತುಂಬಿಕೊಳ್ಳುವುದೇ ನೇರ ದಾರಿ. ಮಷಿನ್ ಆನ್ ಆಗುತ್ತದೆಯೇ ಅಂತ ಮೊದಲು ನೋಡಿ. ಆದರೆ ಹೆಚ್ಚು ಹೊತ್ತು ಆಟ ಆಡಬೇಡಿ. ಮೂವತ್ತು ವರ್ಷದ ಡಿಸ್ಕ್, ಎಷ್ಟು ಸಲ ಏಳುತ್ತದೋ ಹೇಳಲಾಗದು. ಅದಕ್ಕೆ ಡಿಜಿಟಲ್ ಔಟ್ ಇದೆ, ಒಂದು ಸಲಕ್ಕೆ ಎರಡು ಚಾನೆಲ್. ಆ ಡಿಜಿಟಲ್ ಧ್ವನಿಯನ್ನು ಒಳಗೆ ತಗೊಳ್ಳುವ ಎಸ್‌ಪಿಡಿಐಎಫ್ ಇನ್‌ಪುಟ್ ಇರುವ ಇಂಟರ್‌ಫೇಸ್ ಒಂದನ್ನು ಹೊಂದಿಸಿಕೊಳ್ಳಿ. ಎಫೆಕ್ಟ್ ಎಲ್ಲಾ ಆಫ್ ಮಾಡಿ. ಟ್ರ್ಯಾಕ್ 1 ಪೂರ್ತಿ ಎಡಕ್ಕೆ, ಟ್ರ್ಯಾಕ್ 2 ಪೂರ್ತಿ ಬಲಕ್ಕೆ, ಉಳಿದದ್ದು ಮ್ಯೂಟ್. ಹಾಡು ಓಡಿಸಿ, ಕಂಪ್ಯೂಟರ್‌ನಲ್ಲಿ ತುಂಬಿಕೊಳ್ಳಿ. ಆಮೇಲೆ 3 ಮತ್ತು 4. ಹೀಗೆ ಒಂದು ಹಾಡಿಗೆ ನಾಲ್ಕು ಓಟ.

ಎರಡು ವಿಷಯ ತಪ್ಪಬಾರದು. ಇಂಟರ್‌ಫೇಸ್‌ನ ಸೆಟ್ಟಿಂಗ್‌ನಲ್ಲಿ ಕ್ಲಾಕ್ ಅನ್ನುವುದನ್ನು ಹೊರಗಿನ ಎಸ್‌ಪಿಡಿಐಎಫ್‌ಗೆ ಹಾಕಿ. ಆಗ ಕಂಪ್ಯೂಟರ್ ತನ್ನ ಗಡಿಯಾರ ಬಿಟ್ಟು ರೋಲ್ಯಾಂಡ್‌ನ ಗಡಿಯಾರದ ಹಿಂದೆ ನಡೆಯುತ್ತದೆ. ನಾಲ್ಕು ಓಟಗಳೂ ಕೊನೆಯವರೆಗೆ ಒಂದಕ್ಕೊಂದು ಜಾರುವುದಿಲ್ಲ. ಕ್ಲಾಕ್ ಮರೆತರೆ ನಡುನಡುವೆ ಟಿಕ್ ಟಿಕ್ ಸದ್ದು ಬರುತ್ತದೆ. ಎರಡನೆಯದು, ನಾಲ್ಕು ಓಟದ ಶುರುವನ್ನು ಕೂಡಿಸುವುದು. ಹಾಡಿನ ಶುರುವಿನಲ್ಲಿ ಒಂದೆರಡು ಸೆಕೆಂಡ್ ಖಾಲಿ ಇದ್ದರೆ, ಒಂದು ಟ್ರ್ಯಾಕ್‌ನ ಯಾವುದಾದರೂ ಚಿಕ್ಕ ಸದ್ದನ್ನು ಮಷಿನ್‌ನ ಕಾಪಿ ಸೌಲಭ್ಯದಿಂದ ಎಂಟೂ ಟ್ರ್ಯಾಕ್‌ನ ತಲೆಗೆ ಒಂದೇ ಹೊತ್ತಿಗೆ ಅಂಟಿಸಿ. ನಿಮ್ಮ ತಾಳದ ಪೆಟ್ಟಿನ ಕೆಲಸವನ್ನೇ ಅದು ಮಾಡುತ್ತದೆ. ಚಿಕ್ಕಪ್ಪನ ಮೂಲ ಹಾಡಿನ ಮೇಲೆ ಕೈ ಇಡಲು ಧೈರ್ಯ ಸಾಲದಿದ್ದರೆ, ಮೊದಲು ಏನೂ ಮುಟ್ಟದೆ ಬರೀ ಸ್ಟೀರಿಯೋ ಮಿಕ್ಸ್ ಒಂದನ್ನು ತುಂಬಿಕೊಳ್ಳಿ. ಡಿಸ್ಕ್ ನಡುವೆಯೇ ಕೈಬಿಟ್ಟರೂ ಅದಾದರೂ ಇರುತ್ತದೆ. ಆಮೇಲೆ ಆ ಮಿಕ್ಸನ್ನೇ ಮುಂದಿಟ್ಟುಕೊಂಡು ಒಂದೊಂದು ಜೋಡಿಯನ್ನೂ ಅದಕ್ಕೆ ಹೊಂದಿಸಬಹುದು.

ಡಿಪಿ-24ಎಸ್‌ಡಿಯ ಕಾರ್ಡ್ ಅಳಿಸುವುದು ಯಾವಾಗ ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಫೈಲ್‌ಗಳು ಕಂಪ್ಯೂಟರ್‌ನಲ್ಲಿ ಒಂದು, ಹೊರಗಿನ ಡಿಸ್ಕ್‌ನಲ್ಲಿ ಒಂದು, ಹೀಗೆ ಎರಡು ಕಡೆ ಇರಬೇಕು. ಎಂಟೂ ಟ್ರ್ಯಾಕ್‌ನ ಶುರು, ನಡು, ಕೊನೆ ಕಿವಿಯಲ್ಲಿ ಕೇಳಿರಬೇಕು. ಫೈಲ್ ಇದೆ ಅಂತ ಕಣ್ಣಲ್ಲಿ ನೋಡಿದರೆ ಸಾಲದು. 3 ಗಂಟೆಯ ಮೋನೋ ಫೈಲ್ 1.55 ಜಿಬಿ ಹತ್ತಿರ ಇರಬೇಕು. ಒಂದು ಟ್ರ್ಯಾಕ್ ಮಾತ್ರ 400 ಎಂಬಿ ಇದ್ದರೆ ಕಾಪಿ ನಡುವೆ ನಿಂತಿದೆ, ಅಥವಾ ಆ ಅರ್ಥಧಾರಿಯ ಟ್ರ್ಯಾಕ್‌ನ ರೆಕಾರ್ಡನ್ನು ಯಾರೋ ಬೇಗ ಆಫ್ ಮಾಡಿದ್ದಾರೆ. ಯಾವುದು ಅಂತ ಗೊತ್ತಾಗುವವರೆಗೆ ಕಾರ್ಡ್ ಮುಟ್ಟಬೇಡಿ.